ಒಂದೇ ಹುಡುಗ, ಎರಡು ಹಾಳೆ: ಮುಂದೊಗಲು ಬಿಗಿಯಾದ ಒಂದು ಪ್ರಕರಣ

ಫೈಲಿನ ಮೊದಲ ಹಾಳೆಯಲ್ಲಿ ನನ್ನ ಕೈಬರಹ ಇದೆ: "ವಯಸ್ಸು 4. ಮುಂದೊಗಲು ಹಿಂದೆ ಸರಿಯುವುದಿಲ್ಲ. ಸಹಜ. ಚಿಕಿತ್ಸೆ ಬೇಡ." ಮುಂದೊಗಲು ಅಂದರೆ ಶಿಶ್ನದ ತುದಿಯನ್ನು ಮುಚ್ಚುವ ಚರ್ಮ. ಐದು ವರ್ಷದ ನಂತರದ ಹಾಳೆಯೂ ನಾನು ಬರೆದದ್ದೇ: "ವಯಸ್ಸು 9. ತುದಿಯಲ್ಲಿ ಬಿಳಿ ಉಂಗುರ. ಸರ್ಜನ್ ಹತ್ತಿರ ಕಳಿಸಿದೆ." ಎರಡೂ ಸರಿಯೇ. ಆದರೆ ಈ ಎರಡು ಹಾಳೆಗಳ ನಡುವೆ ಒಂದು ತಪ್ಪು ಕೂತಿದೆ. ಅದು ನನ್ನದು.

ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಮಕ್ಕಳ ಡಾಕ್ಟರು. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹುಡುಗನ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲ ಸಲ ಬಂದಾಗ ಒಬ್ಬ ಹುಡುಗನ ಜೊತೆ ಮೂವರು ದೊಡ್ಡವರಿದ್ದರು. ಅಪ್ಪ, ಅಮ್ಮ, ಅಜ್ಜಿ. ಅಪ್ಪನ ಕೈಯಲ್ಲಿ ಬೇರೊಂದು ಆಸ್ಪತ್ರೆಯ ಚೀಟಿ. ಅದರಲ್ಲಿ "ಫೈಮೋಸಿಸ್", ಅಂದರೆ ಮುಂದೊಗಲು ಬಿಗಿ, ಅಂತ ಬರೆದು ಅದನ್ನು ತೆಗೆಯುವ ಆಪರೇಶನ್ ತಾರೀಖನ್ನೂ ಹಾಕಿಕೊಟ್ಟಿದ್ದರು. ಇನ್ನು ಎಂಟೇ ದಿನ ಇತ್ತು. "ಇನ್ನೊಬ್ಬರಿಗೆ ತೋರಿಸೋಣ ಅಂತ ಬಂದ್ವಿ" ಅಂದರು.

ಅವರ ದೂರು ಮೂರು. ಚರ್ಮ ಹಿಂದೆ ಹೋಗುವುದಿಲ್ಲ. ಸುಸ್ಸು ಮಾಡುವಾಗ ತುದಿ ಬಲೂನ್ ತರ ಊದುತ್ತದೆ. ಮತ್ತೆ ಚರ್ಮದ ಕೆಳಗೆ ಬಿಳಿ ಕಾಳಿನಂಥ ಒಂದು ಗಂಟು ಕಾಣುತ್ತಿದೆ, ಅದು ಕೀವು ಇರಬಹುದು.

ಪರೀಕ್ಷೆಗಿಂತ ಮೊದಲು ನಾನು ಪ್ರಶ್ನೆ ಕೇಳುತ್ತೇನೆ. ಈ ವಿಷಯದಲ್ಲಿ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಚ್ಚೆ ಹೊಯ್ಯುವಾಗ ಅಳುತ್ತಾನಾ? ಇಲ್ಲ. ಕಾರಣ ಗೊತ್ತಿಲ್ಲದ ಜ್ವರ ಬಂದಿತ್ತಾ? ಇಲ್ಲ. ತುದಿ ಕೆಂಪಾಗಿ ಬಾತಿತ್ತಾ? ಒಮ್ಮೆ, ಡೈಪರ್ ಹಾಕುತ್ತಿದ್ದ ಕಾಲದಲ್ಲಿ. ಧಾರೆ ಹೇಗಿದೆ? ಇದಕ್ಕೆ ಅಜ್ಜಿಯೇ ಉತ್ತರ ಕೊಟ್ಟರು. "ಬಚ್ಚಲ ಆಚೆ ಗೋಡೆಗೆ ಬೀಳತ್ತೆ ಮೇಡಂ. ದಿನಾ ನಾನೇ ತೊಳಿಯೋದು."

ಆಮೇಲೆ ನೋಡಿದೆ. ಚರ್ಮವನ್ನು ಹಿಂದಕ್ಕೆ ತಳ್ಳುವ ಕೆಲಸ ನಾನು ಮಾಡುವುದಿಲ್ಲ. ತುದಿಯ ಚರ್ಮವನ್ನು ಮೆತ್ತಗೆ ಹಿಡಿದು ಸ್ವಲ್ಪ ಸರಿಸಿದರೆ ಸಾಕು, ತಿಳಿಯುತ್ತದೆ. ಇವನದು ಮೊಗ್ಗು ಬಿರಿದ ಹಾಗೆ ತುದಿಯಲ್ಲಿ ಅರಳಿಕೊಂಡಿತು. ಒಳಗೆ ನಸುಗೆಂಪು, ಮೆತ್ತನೆಯ, ಆರೋಗ್ಯದ ಚರ್ಮ. ಗಾಯದ ಕಲೆ ಇಲ್ಲ, ಗಟ್ಟಿ ಇಲ್ಲ, ಬಿಳುಪು ಇಲ್ಲ. ಇಷ್ಟು ಕಂಡ ಮೇಲೆ ಆಪರೇಶನ್ ಮಾತು ಮುಗಿಯಿತು.

ಮುಂದೊಗಲು ಹುಟ್ಟುವಾಗಲೇ ಒಳಗಿನ ಭಾಗಕ್ಕೆ ಅಂಟಿಕೊಂಡಿರುತ್ತದೆ. ಅದು ರೋಗ ಅಲ್ಲ, ಕಟ್ಟಿದ್ದೇ ಹಾಗೆ. ವರ್ಷಗಳು ಕಳೆದಂತೆ ನಡುವಿನ ಪದರ ಸಣ್ಣ ಸಣ್ಣ ಚೂರಾಗಿ ಬಿಡುತ್ತದೆ. ಆ ಚೂರುಗಳೇ ಒಂದು ಕಡೆ ಸೇರಿ ಬಿಳಿ ಕಾಳಿನ ಹಾಗೆ ಕಾಣುವುದು. ಕೀವಲ್ಲ. ತಾನೇ ಹೊರಗೆ ಬರುತ್ತದೆ. ಬಲೂನಿನ ಕತೆಯೂ ಇದೇ. ಒಳಗೆ ಚರ್ಮ ಬಿಡಿಸಿಕೊಂಡಿದೆ, ಹೊರಗಿನ ಬಾಯಿ ಇನ್ನೂ ಅಷ್ಟು ಅಗಲ ಆಗಿಲ್ಲ. ಅದಕ್ಕೆ ಮೂತ್ರ ಒಂದು ಕ್ಷಣ ಅಲ್ಲಿ ತುಂಬಿ ಹೊರಗೆ ಬರುತ್ತದೆ. ನೋವಿಲ್ಲದಿದ್ದರೆ, ಧಾರೆ ಚೆನ್ನಾಗಿದ್ದರೆ, ಬಲೂನ್ ಊದುವುದು ಚರ್ಮ ಬಿಡುತ್ತಿದೆ ಎನ್ನುವುದಕ್ಕೆ ಗುರುತು. ಅಪ್ಪ ಅಮ್ಮ ಹೆದರುವುದು ಜಾಸ್ತಿ ಇದಕ್ಕೇ ಅನ್ನುವುದು ಒಂದು ವಿಚಿತ್ರ.

ನಾನು ಇದನ್ನೆಲ್ಲ ಹೇಳುತ್ತಿದ್ದಾಗ ಅಜ್ಜಿ ನಡುವೆ ಬಾಯಿ ಹಾಕಿದರು. "ಹುಣಸೆ ಹಾಗೆ ಅನ್ನಿ. ಕಾಯಾಗಿದ್ದಾಗ ಸಿಪ್ಪೆ ತಿರುಳಿಗೆ ಕಚ್ಚಿಕೊಂಡಿರತ್ತೆ, ಉಗುರಲ್ಲಿ ಕೆರೆದರೂ ಬರಲ್ಲ. ಹಣ್ಣಾದ ಮೇಲೆ ತಾನೇ ಬಿಡತ್ತೆ." ನಾನು ಅಂದಿನಿಂದ ಎಲ್ಲರಿಗೂ ಹುಣಸೆಯ ಉದಾಹರಣೆಯನ್ನೇ ಕೊಡುತ್ತಿದ್ದೇನೆ.

ಆದರೆ ಅದೇ ಅಜ್ಜಿ ಇನ್ನೊಂದು ವಿಷಯವನ್ನೂ ಒಪ್ಪಿಕೊಂಡರು. ಬಾಣಂತನದಲ್ಲಿ ಮಗುವಿಗೆ ಎರೆಯುತ್ತಿದ್ದವರು ಅವರೇ. ದಿನಾ ಹರಳೆಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಚರ್ಮವನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ಎಳೆಯುತ್ತಿದ್ದರಂತೆ. "ನಮ್ಮತ್ತೆ ಹಾಗೇ ಹೇಳಿಕೊಟ್ಟಿದ್ದು. ಬಿಡಿಸದಿದ್ದರೆ ಮುಂದೆ ಕಷ್ಟ ಅಂತ." ಒಂದೆರಡು ಸಲ ಕೂದಲೆಳೆಯಷ್ಟು ರಕ್ತವೂ ಬಂದಿತ್ತು. ನಮ್ಮ ಕಡೆ ಈ ಪದ್ಧತಿ ಎಷ್ಟೋ ಮನೆಯಲ್ಲಿದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಅಂಟಿದ ಚರ್ಮ ಎಳೆದರೆ ಹರಿಯುತ್ತದೆ. ಹರಿದದ್ದು ಮಾಯುವಾಗ ಕಲೆಯಾಗುತ್ತದೆ, ಕಲೆ ಕುಗ್ಗುತ್ತದೆ. ಸಹಜವಾಗಿ ಬಿಡುತ್ತಿದ್ದ ಚರ್ಮ ಆಗ ನಿಜವಾಗಿಯೂ ಬಿಗಿಯಾಗಬಹುದು. ಹೊರಗಿನಿಂದ ತೊಳೆಯಿರಿ, ಸಾಕು ಅಂದೆ. ಮುಂದೆ ಅವನ ಚರ್ಮ ತಾನೇ ಸರಿಯತೊಡಗಿದಾಗ, ಸ್ನಾನದಲ್ಲಿ ಅವನೇ ಎಷ್ಟು ಸರಿಯುತ್ತದೋ ಅಷ್ಟೇ ಸರಿಸಿ ತೊಳೆದುಕೊಳ್ಳಲಿ. ಬೇರೆಯವರ ಕೈ ಬೇಡ.

ಅಪ್ಪ ಲೆಕ್ಕದ ಮನುಷ್ಯ, ಸಹಕಾರ ಸಂಘದಲ್ಲಿ ಕೆಲಸ. "ಎಷ್ಟು ವರ್ಷಕ್ಕೆ ಬಿಡಬೇಕು ಅಂತ ಏನಾದ್ರೂ ಲೆಕ್ಕ ಇದೆಯಾ?" ಅಂತ ಕೇಳಿದರು. ಇದೆ. 1949ರಲ್ಲಿ ಡಗ್ಲಸ್ ಗೈರ್ಡ್ನರ್ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯರು ಈ ಪ್ರಶ್ನೆಯನ್ನೇ ಎತ್ತಿಕೊಂಡು ಬರೆದರು. ಹುಟ್ಟಿದ ಗಂಡುಮಕ್ಕಳಲ್ಲಿ 100ಕ್ಕೆ 4 ಮಕ್ಕಳಿಗೆ ಮಾತ್ರ ಚರ್ಮ ಪೂರ್ತಿ ಸರಿಯುತ್ತದೆ ಅಂತ ಅವರು ಕಂಡುಕೊಂಡರು. ಅಂದಿನ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎಳೆ ಮಕ್ಕಳಿಗೆ ಸುಮ್ನೆ ಸುಮ್ನೆ ಮಾಡುತ್ತಿದ್ದ ಈ ಆಪರೇಶನ್‌ನಿಂದ ವರ್ಷಕ್ಕೆ ಸುಮಾರು 16 ಮಕ್ಕಳು ಸಾಯುತ್ತಿದ್ದರು ಅಂತಲೂ ಲೆಕ್ಕ ತೆಗೆದರು. ಮೂರು ವರ್ಷಕ್ಕೆ 100ರಲ್ಲಿ 90 ಮಕ್ಕಳಿಗೆ ಬಿಡುತ್ತದೆ ಅಂತ ಅವರು ಹೇಳಿದ್ದು ಮಾತ್ರ ಅವಸರದ ಲೆಕ್ಕ ಅಂತ ಆಮೇಲೆ ಗೊತ್ತಾಯಿತು. 1968ರಲ್ಲಿ ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲೆಯ ಹುಡುಗರನ್ನು ವರ್ಷಾನುಗಟ್ಟಲೆ ನೋಡಿ ಬರೆದರು. 6-7 ವರ್ಷದವರಲ್ಲಿ 100ಕ್ಕೆ 63 ಹುಡುಗರಿಗೆ ಚರ್ಮ ಇನ್ನೂ ಅಲ್ಲಲ್ಲಿ ಅಂಟಿತ್ತು. ಬಾಯಿಯೇ ಬಿಗಿ ಇದ್ದವರು 100ಕ್ಕೆ 8. ಅದೇ 16-17 ವರ್ಷಕ್ಕೆ ಬರುವಾಗ ಅಂಟಿದ್ದು 100ಕ್ಕೆ 3, ಬಿಗಿ ಇದ್ದದ್ದು 100ಕ್ಕೆ 1.

ಅಪ್ಪ ಇನ್ನೂ ಒಂದು ಕೇಳಿದರು. "ಮೂತ್ರದ ಸೋಂಕು ಬರಬಾರದು ಅಂತ ಮೊದಲೇ ಮಾಡಿಸಿಬಿಟ್ಟರೆ?" ಒಳ್ಳೆಯ ಪ್ರಶ್ನೆ. ಮುಂದೊಗಲು ತೆಗೆದರೆ ಸೋಂಕು ಕಡಿಮೆಯಾಗುವುದು ನಿಜ. ಆದರೆ ಆರೋಗ್ಯವಾಗಿರುವ ಗಂಡುಮಕ್ಕಳಲ್ಲಿ ಒಂದೇ ಒಂದು ಸೋಂಕು ತಪ್ಪಿಸಲು ಸುಮಾರು 111 ಮಕ್ಕಳಿಗೆ ಆಪರೇಶನ್ ಮಾಡಬೇಕಾಗುತ್ತದೆ. ಪದೇ ಪದೇ ಸೋಂಕು ಬರುವ ಮಕ್ಕಳಲ್ಲಿ ಆ ಸಂಖ್ಯೆ 11ಕ್ಕೆ ಇಳಿಯುತ್ತದೆ. ಮೂತ್ರ ಕಿಡ್ನಿಗೆ ಜೋರಾಗಿ ವಾಪಸ್ ಹೋಗುವ ತೊಂದರೆ ಇದ್ದರೆ 4ಕ್ಕೆ. ಅಂಥ ಮಕ್ಕಳಿಗೆ ನಾನೇ ಸರ್ಜನ್ ಹತ್ತಿರ ಕಳಿಸುತ್ತೇನೆ. ಇವನಿಗೆ ಒಂದು ಸಲವೂ ಸೋಂಕು ಬಂದಿರಲಿಲ್ಲ. ಧಾರ್ಮಿಕ ಕಾರಣಕ್ಕೆ ಮಾಡಿಸುವ ಸುನ್ನತಿ ಬೇರೆ ವಿಷಯ. ಅದು ಆ ಮನೆಯವರ ನಿರ್ಧಾರ. ಇಲ್ಲಿ ಮಾತಾಡುತ್ತಿರುವುದು ಕಾಯಿಲೆ ಇದೆಯೋ ಇಲ್ಲವೋ ಎಂಬುದರ ಬಗ್ಗೆ ಮಾತ್ರ.

ಆಪರೇಶನ್ ರದ್ದಾಯಿತು. ಎಲ್ಲರಿಗೂ ಖುಷಿ. ನಾನು ಚೀಟಿ ವಾಪಸ್ ಕೊಡುತ್ತಾ ಹೇಳಿದೆ: "ಇದನ್ನ ಮರೆತುಬಿಡಿ. ಹತ್ತು ವರ್ಷ ಆದ್ರೂ ಸರಿ, ತಾನೇ ಬಿಡತ್ತೆ."

ಅವರು ನಿಜವಾಗಿಯೂ ಮರೆತುಬಿಟ್ಟರು.

ಮುಂದಿನ ಐದು ವರ್ಷದಲ್ಲಿ ಹುಡುಗ ನನ್ನ ಹತ್ತಿರ ಹತ್ತಾರು ಸಲ ಬಂದಿದ್ದಾನೆ. ನೆಗಡಿ, ಜ್ವರ, ಒಮ್ಮೆ ಕೈ ಮೂಳೆಯ ಬಿರುಕು. ಎಂಟು ವರ್ಷ ಆದಾಗ ಹೊಟ್ಟೆನೋವು, ಕಕ್ಕ ಗಟ್ಟಿ ಅಂತ ಬಂದಿದ್ದ. ಶಾಲೆಯಲ್ಲಿ ನೀರೇ ಕುಡಿಯುವುದಿಲ್ಲ, ಬಾಟಲಿ ಹಾಗೇ ವಾಪಸ್ ಬರುತ್ತದೆ ಅಂತ ಅಮ್ಮ ದೂರಿದ್ದರು. ಹಾಳೆಯಲ್ಲಿ "ನೀರು ಜಾಸ್ತಿ ಕುಡಿಸಿ, ಸೊಪ್ಪು ತರಕಾರಿ" ಅಂತ ಬರೆದಿದ್ದೇನೆ. ಯಾಕೆ ಕುಡಿಯುವುದಿಲ್ಲ ಅಂತ ಅವನನ್ನು ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತೇನೋ. ನೀರು ಕುಡಿದರೆ ಶಾಲೆಯಲ್ಲಿ ಉಚ್ಚೆಗೆ ಹೋಗಬೇಕು. ಹೋದರೆ ಉಳಿದ ಹುಡುಗರು ಮುಗಿಸಿ ಓಡುವಾಗ ಇವನು ಇನ್ನೂ ನಿಂತಿರಬೇಕು.

ಒಂಬತ್ತು ವರ್ಷಕ್ಕೆ ಅಮ್ಮ ಒಗೆಯುವಾಗ ಚಡ್ಡಿಯಲ್ಲಿ ರಕ್ತದ ಕಲೆ ಕಂಡರು. ಕೇಳಿದರೆ ಹುಡುಗ ಏನೂ ಹೇಳಲಿಲ್ಲ. ಅಪ್ಪ ಮೆಡಿಕಲ್ ಶಾಪಿಗೆ ಹೋಗಿ ಒಂದು ಟ್ಯೂಬ್ ತಂದರು. ಸ್ಟಿರಾಯ್ಡ್, ಫಂಗಸ್ ಔಷಧ, ಆಂಟಿಬಯೋಟಿಕ್ ಎಲ್ಲ ಕಲಸಿದ, ಚೀಟಿ ಇಲ್ಲದೆ ಸಿಗುವ ಟ್ಯೂಬುಗಳಿವೆಯಲ್ಲ, ಅಂಥದ್ದು. ಎರಡು ತಿಂಗಳು ಹಚ್ಚಿದರು. ಉರಿ ಒಂದು ವಾರ ಕಡಿಮೆ ಆಯಿತು, ಮತ್ತೆ ಬಂತು. ಆಗ ನನ್ನ ಹತ್ತಿರ ಬಂದರು. ಯಾಕೆ ಇಷ್ಟು ತಡ ಅಂದಾಗ ಅಪ್ಪ ಮೆಲ್ಲಗೆ ಅಂದರು: "ಹತ್ತು ವರ್ಷ ಆದ್ರೂ ಪರವಾಗಿಲ್ಲ ಅಂತ ನೀವೇ ಹೇಳಿದ್ರಲ್ಲ ಮೇಡಂ."

ಒಂಬತ್ತರ ಹುಡುಗನಿಗೆ ನಾಚಿಕೆ ಬಂದಿರುತ್ತದೆ. ಬಾಗಿಲು ಹಾಕಿ, ಅಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿ, ಏನು ನೋಡುತ್ತೇನೆ ಅಂತ ಮೊದಲೇ ಹೇಳಿ, ಅವನು ಸರಿ ಅಂದ ಮೇಲೆ ನೋಡಿದೆ. ನೋಡಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ತುದಿಯಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಉಂಗುರ. ಮುಟ್ಟಿದರೆ ಗಟ್ಟಿ. ಅಂಚಿನಲ್ಲಿ ಒಂದೆರಡು ಬಿರುಕು, ರಕ್ತ ಬಂದದ್ದು ಅಲ್ಲಿಂದಲೇ. ಮೊದಲಿನ ಹಾಗೆ ಅರಳುವುದು ಬಿಟ್ಟು, ಸರಿಸಹೋದರೆ ತುದಿ ಕೊಳವೆಯಂತೆ ಇನ್ನೂ ಕಿರಿದಾಯಿತು. ತೂತು ಅಕ್ಕಿಕಾಳಿನ ತುದಿಯಷ್ಟು.

ಇದೂ ಫೈಮೋಸಿಸ್, ಅದೂ ಫೈಮೋಸಿಸ್. ಹೆಸರು ಒಂದೇ ಆದ್ದರಿಂದಲೇ ಇಷ್ಟೆಲ್ಲ ಗೊಂದಲ. ಮೊದಲನೆಯದು ಇನ್ನೂ ಹಣ್ಣಾಗದ ಚರ್ಮ. ಎರಡನೆಯದು ಹಾಳಾದ ಚರ್ಮ. ಈ ಎರಡನೆಯದಕ್ಕೆ ಹೆಚ್ಚಿನ ಸಲ ಕಾರಣ ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆ. ಹಳೆಯ ಪುಸ್ತಕಗಳಲ್ಲಿ ಬಾಲನೈಟಿಸ್ ಜೆರೋಟಿಕಾ ಆಬ್ಲಿಟೆರನ್ಸ್ ಅಂತಿರುತ್ತದೆ, ನಾವು ಚಿಕ್ಕದಾಗಿ ಬಿಎಕ್ಸ್‌ಓ ಅನ್ನುತ್ತೇವೆ. ಅಂಟುರೋಗ ಅಲ್ಲ. ತೊಳೆಯದೆ ಬಂದದ್ದಲ್ಲ. ಅಜ್ಜಿ ಎಳೆದದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೇಳಲು ನನ್ನ ಹತ್ತಿರ ಆಧಾರ ಇಲ್ಲ. ಅಜ್ಜಿ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ಅದಕ್ಕೆ ಈ ಮಾತನ್ನು ಎರಡು ಸಲ ಹೇಳಿದೆ. ಐದು ವರ್ಷಕ್ಕಿಂತ ಚಿಕ್ಕವರಲ್ಲಿ ಇದು ತೀರಾ ಅಪರೂಪ. ಇಂಗ್ಲೆಂಡಿನ ಒಂದು ಲೆಕ್ಕದಲ್ಲಿ 15 ವರ್ಷ ತುಂಬುವುದರೊಳಗೆ ಕಾಯಿಲೆಯ ಫೈಮೋಸಿಸ್ ಬರುವುದು 1000 ಹುಡುಗರಲ್ಲಿ 6 ಮಂದಿಗೆ. ಅಂದರೆ ಬಿಗಿ ಇದೆ ಅಂತ ನಮ್ಮ ಹತ್ತಿರ ಬರುವ ಹೆಚ್ಚಿನ ಮಕ್ಕಳಿಗೆ ಇದು ಇರುವುದಿಲ್ಲ. ಆ ಧೈರ್ಯದಲ್ಲೇ ನಾನು ನಾಲ್ಕರ ಹುಡುಗನಿಗೆ ಮಾತು ಕೊಟ್ಟಿದ್ದು.

ಮೂತ್ರ ಪರೀಕ್ಷೆ ಮಾಡಿಸಿದೆ, ಸೋಂಕಿರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಿಡ್ನಿ ಎರಡೂ ಸರಿ. ಆದರೆ ಉಚ್ಚೆ ಹೊಯ್ದ ಮೇಲೂ ಮೂತ್ರಚೀಲದಲ್ಲಿ ಸ್ವಲ್ಪ ಉಳಿಯುತ್ತಿತ್ತು. ಇನ್ನು ಕಾಯುವಂತಿರಲಿಲ್ಲ. ಜಿಲ್ಲಾ ಕೇಂದ್ರದ ಮಕ್ಕಳ ಸರ್ಜನ್ ಒಬ್ಬರಿಗೆ ಪತ್ರ ಬರೆದೆ.

ಅಪ್ಪನಿಗೆ ಮುಲಾಮಿನ ಮೇಲೆ ಆಸೆ ಇತ್ತು. ತಪ್ಪಲ್ಲ. ಕಲೆ ಇಲ್ಲದ, ಸುಮ್ನೆ ಬಿಗಿ ಇರುವ ಚರ್ಮಕ್ಕೆ, ತೊಂದರೆ ಕೊಡುತ್ತಿದ್ದರೆ, ಸ್ಟಿರಾಯ್ಡ್ ಮುಲಾಮು ಒಳ್ಳೆಯ ಚಿಕಿತ್ಸೆ. ಬೀಟಾಮೆಥಾಸೋನ್ 0.05% ಇರುವುದನ್ನು ದಿನಕ್ಕೆ ಎರಡು ಸಲ, ಬಿಗಿ ಇರುವ ಉಂಗುರದ ಮೇಲೆ ಮಾತ್ರ ತೆಳ್ಳಗೆ, 4ರಿಂದ 8 ವಾರ. ಹೆಚ್ಚಿನ ಮಕ್ಕಳಲ್ಲಿ ಚರ್ಮ ಮೆತ್ತಗಾಗಿ ಬಿಡುತ್ತದೆ, ಆಪರೇಶನ್ ತಪ್ಪುತ್ತದೆ. ಆದರೆ ಅದನ್ನು ಡಾಕ್ಟರು ನೋಡಿ ಬರೆಯಬೇಕು. ಮೆಡಿಕಲ್ ಶಾಪಿನ ಕಲಸುಮೇಲೋಗರ ಟ್ಯೂಬ್ ಆ ಕೆಲಸ ಮಾಡುವುದಿಲ್ಲ. ಬಿಎಕ್ಸ್‌ಓ ಬಂದು ಉಂಗುರ ಗಟ್ಟಿಯಾದ ಮೇಲೆ ಒಳ್ಳೆಯ ಮುಲಾಮೂ ಸಾಮಾನ್ಯವಾಗಿ ಸೋಲುತ್ತದೆ.

ಅಜ್ಜಿಯ ತೊಂದರೆ ಬೇರೆ. "ನಮ್ಮಲ್ಲಿ ಅದು ಮಾಡಿಸೋ ಪದ್ಧತಿ ಇಲ್ಲ. ನಾಳೆ ಮದುವೆ ಟೈಮಲ್ಲಿ ಯಾರಾದ್ರೂ ಕೇಳಿದ್ರೆ?" ಈ ಮಾತಿಗೆ ನಗಬಾರದು. ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ನಿಲ್ಲುವುದು ಇಲ್ಲೇ. ಚರ್ಮ ತೆಗೆಯದೆ, ಬಾಯಿಯನ್ನಷ್ಟೇ ಅಗಲ ಮಾಡುವ ಆಪರೇಶನ್ ಕೂಡ ಇದೆ, ಅದಕ್ಕೆ ಪ್ರಿಪ್ಯೂಶಿಯೋಪ್ಲಾಸ್ಟಿ ಅನ್ನುತ್ತಾರೆ. ಕಾಯಿಲೆ ಇಲ್ಲದ ಚರ್ಮಕ್ಕೆ ಅದು ಸರಿಹೋಗುತ್ತದೆ. ಇವನ ಚರ್ಮದಲ್ಲೇ ಕಾಯಿಲೆ ಇತ್ತು. ಅದನ್ನು ಉಳಿಸಿಕೊಂಡರೆ ಮತ್ತೆ ಬಿಗಿಯಾಗುವ ಸಂಭವ ಜಾಸ್ತಿ. ಸರ್ಜನ್ ಇದನ್ನೇ ಅಜ್ಜಿಗೆ ಒಂದು ವಾಕ್ಯದಲ್ಲಿ ಹೇಳಿದರಂತೆ: "ಅಮ್ಮಾ, ಇದು ಪದ್ಧತಿ ಅಲ್ಲ, ಹುಳುಕು ಹಲ್ಲು ತೆಗೆದ ಹಾಗೆ."

ಆಪರೇಶನ್‌ಗೆ ಮೊದಲು ಸರ್ಜನ್ ಎರಡು ವಿಷಯ ಖಚಿತ ಮಾಡಿಕೊಂಡರು. ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ಕಾಯಿಲೆ ಇದೆಯಾ ಅಂತ ಕೇಳಿದರು. ಮೂತ್ರದ ತೂತು ಸರಿಯಾದ ಜಾಗದಲ್ಲೇ ಇದೆಯಾ ಅಂತ ನೋಡಿದರು. ಅದು ಕೆಳಗೆ ತೆರೆದಿರುವ ಹೈಪೋಸ್ಪೇಡಿಯಸ್ ಇರುವ ಮಗುವಿಗೆ ಮುಂದೊಗಲು ತೆಗೆಯಬಾರದು. ಮುಂದೆ ಅದನ್ನು ಸರಿಪಡಿಸಲು ಅದೇ ಚರ್ಮ ಬೇಕಾಗಬಹುದು. ಪೂರ್ತಿ ಅರಿವಳಿಕೆ ಕೊಟ್ಟರು, ಜೊತೆಗೆ ಎದ್ದ ಮೇಲೆ ನೋವಾಗಬಾರದು ಅಂತ ಬೆನ್ನಿನ ಕೆಳಗೆ ಒಂದು ಇಂಜೆಕ್ಷನ್. ಬೆಳಗ್ಗೆ ಹೋದವನು ಸಂಜೆ ಮನೆಗೆ ಬಂದ. ಹೊಲಿಗೆ ತಾನೇ ಕರಗುವಂಥದ್ದು.

ಮೂರನೇ ದಿನ ಅಮ್ಮ ಗಾಬರಿಯಿಂದ ಫೋನ್ ಮಾಡಿದರು. ತುದಿಯ ಮೇಲೆ ಹಳದಿ ಪೊರೆ ಕಟ್ಟಿದೆ, ಕೀವಾಗಿದೆ ಅಂತ. ಕೀವಲ್ಲ, ಮಾಯುವ ಗಾಯದ ಪೊರೆ. ಜ್ವರ ಇಲ್ಲ, ಕೆಂಪು ಮೇಲಕ್ಕೆ ಹರಡುತ್ತಿಲ್ಲ, ಉಚ್ಚೆ ಹೋಗುತ್ತಿದೆ. ವ್ಯಾಸಲೀನ್ ಹಚ್ಚಿ, ಕೆರೆದು ತೆಗೆಯಬೇಡಿ ಅಂದೆ. ಬಟ್ಟೆ ತಾಗಿದರೆ ಉರಿ, ಅದೇ ಅವನಿಗೆ ದೊಡ್ಡ ಕಷ್ಟ ಆಗಿತ್ತು. ಅದಕ್ಕೆ ಉಪಾಯ ನನ್ನಿಂದ ಬರಲಿಲ್ಲ, ಪಕ್ಕದ ಮನೆಯ ಮುಸ್ಲಿಂ ಅಜ್ಜಿಯಿಂದ ಬಂತು. ಲುಂಗಿಯ ನಡುವೆ ದಾರ ಕಟ್ಟಿ ಮೇಲಿನ ತೊಲೆಗೆ ತೂಗುಹಾಕಿದರು, ಬಟ್ಟೆ ಡೇರೆಯ ಹಾಗೆ ನಿಂತಿತು. ಹುಡುಗ ಅದರ ಕೆಳಗೆ ಮಲಗಿ ಎರಡು ದಿನ ಕಾಮಿಕ್ಸ್ ಓದಿದ. ನಮ್ಮ ಅಜ್ಜಿ ಕೂಡ ಆ ಅಜ್ಜಿಯನ್ನು ಕೂರಿಸಿಕೊಂಡು ಕಾಫಿ ಕುಡಿಸುತ್ತಾ ಎಲ್ಲ ಕೇಳಿ ತಿಳಿದುಕೊಂಡರಂತೆ. ಹತ್ತು ದಿನಕ್ಕೆ ಶಾಲೆಗೆ ಹೋದ.

ತೆಗೆದ ಚರ್ಮವನ್ನು ಪರೀಕ್ಷೆಗೆ ಕಳಿಸಿದ್ದರು. ವರದಿಯಲ್ಲಿ ಲೈಕೆನ್ ಸ್ಕ್ಲೆರೋಸಸ್ ಅಂತಲೇ ಬಂತು. ಈ ವರದಿ ಬೇಕಾಗುತ್ತದೆ. ಬಿಎಕ್ಸ್‌ಓ ಕೆಲವರಲ್ಲಿ ಮೂತ್ರದ ತೂತಿನವರೆಗೂ ಹೋಗಿರುತ್ತದೆ, ಆಪರೇಶನ್ ಆದ ಮೇಲೆ ನಿಧಾನವಾಗಿ ಅದು ಕಿರಿದಾಗಬಹುದು. ಅದಕ್ಕೆ ಮೂರು ತಿಂಗಳು, ಆರು ತಿಂಗಳು, ಒಂದು ವರ್ಷಕ್ಕೆ ಬರಬೇಕು ಅಂತ ಈ ಸಲ ಬರೆದೇ ಕೊಟ್ಟೆವು. ಇವನಿಗೆ ಇಲ್ಲಿಯವರೆಗೆ ಧಾರೆ ಚೆನ್ನಾಗಿದೆ. ನೀರಿನ ಬಾಟಲಿ ಖಾಲಿಯಾಗಿ ಮನೆಗೆ ಬರುತ್ತಿದೆ.

ಹಾಗಾದರೆ ನಾಲ್ಕು ವರ್ಷದವನಿದ್ದಾಗ ನಾನು ಇನ್ನೇನು ಹೇಳಬೇಕಿತ್ತು? ಆಪರೇಶನ್ ಬೇಡ ಎಂಬ ಮಾತು ಆಗಲೂ ಸರಿ, ಈಗಲೂ ಸರಿ. ಹೇಳದೆ ಬಿಟ್ಟದ್ದು ಯಾವಾಗ ವಾಪಸ್ ಬರಬೇಕು ಅನ್ನುವುದನ್ನು. ಒಮ್ಮೆ ಸರಿಯುತ್ತಿದ್ದ ಅಥವಾ ಅರಳುತ್ತಿದ್ದ ಚರ್ಮ ಮತ್ತೆ ಬಿಗಿಯಾಗತೊಡಗಿದರೆ ಬನ್ನಿ. ತುದಿ ಬೆಳ್ಳಗಾದರೆ, ಬಿರಿದರೆ, ರಕ್ತ ಬಂದರೆ ಬನ್ನಿ. ಧಾರೆ ನೂಲಿನಂತಾದರೆ, ತಿಣುಕಿ ಉಚ್ಚೆ ಹೊಯ್ದರೆ, ಜ್ವರದ ಜೊತೆ ಉರಿ ಇದ್ದರೆ, ತುದಿ ಕೆಂಪಾಗಿ ಬಾಯುವುದು ಪದೇ ಪದೇ ಆದರೆ ಬನ್ನಿ. ಉಚ್ಚೆ ಪೂರ್ತಿ ಕಟ್ಟಿದರೆ ನಾಳೆ ತನಕ ಕಾಯಬೇಡಿ.

ಇನ್ನೊಂದು, ಇದಕ್ಕೆ ಮಾತ್ರ ಅರ್ಧರಾತ್ರಿಯಾದರೂ ಓಡಿಬನ್ನಿ. ಹಿಂದೆ ಎಳೆದ ಚರ್ಮ ಮುಂದೆ ಬಾರದೆ ಅಲ್ಲೇ ಸಿಕ್ಕಿಕೊಂಡರೆ ತುದಿ ಬಾತು ನೀಲಿಯಾಗುತ್ತದೆ, ರಕ್ತ ಓಡಾಟ ನಿಲ್ಲಬಹುದು. ಇದು ಪ್ಯಾರಾಫೈಮೋಸಿಸ್. ಬೇಗ ಬಂದರೆ ಹೆಚ್ಚಿನ ಸಲ ಕೈಯಲ್ಲೇ ಒತ್ತಿ ಬಾವು ಇಳಿಸಿ ಸರಿಪಡಿಸಬಹುದು. ಎಳೆಯಬೇಡಿ ಅಂತ ನಾನು ಇಷ್ಟು ಹಟ ಹಿಡಿಯಲು ಇದೂ ಒಂದು ಕಾರಣ.

ದೊಡ್ಡವರ ವಿಷಯ ಇಲ್ಲಿ ಅಲ್ಲ, ಆದರೂ ಹೇಳಿಬಿಡುತ್ತೇನೆ. ನಡುವಯಸ್ಸಿನ ಗಂಡಸರಿಗೆ ಹೊಸದಾಗಿ ಮುಂದೊಗಲು ಬಿಗಿಯಾಗಿ ಬಿರಿಯತೊಡಗಿದರೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಬೇಕು. ಈ ಮಾತು ಕೇಳಿ ಹುಡುಗನ ಚಿಕ್ಕಪ್ಪ ಮಾರನೇ ದಿನವೇ ಲ್ಯಾಬಿಗೆ ಹೋದರಂತೆ. ಫಲಿತಾಂಶ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಳೆದ ತಿಂಗಳು ಅದೇ ಅಮ್ಮ ಎರಡನೇ ಮಗನನ್ನು ಕರೆದುಕೊಂಡು ಬಂದರು. ಅವನಿಗೆ ಮೂರು ವರ್ಷ. "ಇವನದೂ ಬಲೂನ್ ತರ ಊದತ್ತೆ. ಈಗಲೇ ಮಾಡಿಸಿಬಿಡೋಣವಾ?" ನೋಡಿದೆ. ಮೆತ್ತನೆಯ ಚರ್ಮ, ಸರಿಸಿದರೆ ಮೊಗ್ಗಿನಂತೆ ಅರಳಿತು. ಬೇಡ ಅಂದೆ. ಫೈಲಿನಲ್ಲಿ "ಸಹಜ, ಚಿಕಿತ್ಸೆ ಬೇಡ" ಅಂತ ಬರೆದು, ಅದರ ಕೆಳಗೆ ಯಾವಾಗ ವಾಪಸ್ ಬರಬೇಕು ಅನ್ನುವುದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಅಮ್ಮ ಹಾಳೆಯ ಫೋಟೋ ತೆಗೆದುಕೊಂಡರು. ಅಜ್ಜಿ ಅದನ್ನು ಎರಡು ಸಲ ಓದಿಸಿ ಕೇಳಿದರು, ಆಮೇಲೆ ಮೊಮ್ಮಗನ ಚಡ್ಡಿ ಏರಿಸುತ್ತಾ ಅಂದರು: "ಇನ್ನೂ ಕಾಯಿ ಕಣೋ ನೀನು."